ಗುಜರಿಗೆ ಬಂದ ಸೀಸದ ಡಬ್ಬಿ, ಮೇಲೆ ಮೂರು ರೆಕ್ಕೆ ಗುರುತು. ಇದನ್ನ ಕೇಳೋರು ಯಾರು?

ತೂಕದಕಲ್ಲು (ಕೋಲಾರ), ಬೆಳಗ್ಗೆ 9.10

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಅರ್ಜೆಂಟು.

ನಮ್ಮ ಭಾವನಿಗೆ ಕೋಲಾರದ ಹೊರಗೆ ಗುಜರಿ ಅಂಗಡಿ ಇದೆ. ಹೋದ ವಾರ ಬಾಗಿಲು ಮುಚ್ಚಿದ ಒಂದು ಫ್ಯಾಕ್ಟರಿಯ ಹಳೇ ಸಾಮಾನನ್ನ ಲಾಟ್‌ನಲ್ಲಿ ಹಿಡಿದರು. ಪೈಪು, ಮೋಟರು, ಹಾಪರು, ಎಲ್ಲ ಮಾಮೂಲಿ. ಅದರ ನಡುವೆ ಒಂದು ಡಬ್ಬಿ. ನೋಡೋಕೆ ದೊಡ್ಡ ಕುಕ್ಕರ್ ಅಷ್ಟಿದೆ, ಎತ್ತೋಕೆ ಇಬ್ಬರು ಬೇಕು. ಒಳಗೆ ಸೀಸ ತುಂಬಿದೆ ಅಂತ ಭಾವನಿಗೆ ಖುಷಿಯೋ ಖುಷಿ. ಪಕ್ಕದಲ್ಲಿ ಒಂದು ಹಿಡಿಕೆ, ಹಿಡಿಕೆಗೆ ತುಕ್ಕು ಹಿಡಿದ ಬೀಗ. ಮೇಲೆ ಮಾಸಿದ ಹಳದಿ ಸ್ಟಿಕ್ಕರ್, ಅದರಲ್ಲಿ ಫ್ಯಾನಿನ ಹಾಗೆ ಮೂರು ರೆಕ್ಕೆ, ವಿಕಿರಣದ ಗುರುತು. ನಿನ್ನೆ ಸಂಜೆ ನಾನು ಟೀ ಕುಡಿಯೋಕೆ ಹೋದಾಗ ಕಣ್ಣಿಗೆ ಬಿತ್ತು. ಎದೆ ಧಸಕ್ ಅಂತು.

ಭಾವ ಮೂರು ಕಚೇರಿಗೆ ಫೋನ್ ಮಾಡಿದರು. ಒಂದು ಕಡೆ, ಅದು ಫ್ಯಾಕ್ಟರಿ ವಿಷಯ, ಬೇರೆ ಇಲಾಖೆ ಕೇಳಿ ಅಂದರು. ಇನ್ನೊಂದು ಕಡೆ, ಕಸ ಆದ್ರೆ ನಾವು, ವಿಕಿರಣ ಆದ್ರೆ ನಾವಲ್ಲ ಅಂದರು. ಮೂರನೇ ಕಡೆ ಲಿಖಿತವಾಗಿ ಅರ್ಜಿ ಕೊಡಿ, ಜೊತೆಗೆ ಆಧಾರ್ ಜೆರಾಕ್ಸ್ ಅಂದರು.

ನನ್ನ ಪ್ರಶ್ನೆ ಇಷ್ಟೆ. ಅಣುಸ್ಥಾವರವೇ ಇಲ್ಲದ ನಮ್ಮಂಥ ಜಿಲ್ಲೆಯಲ್ಲಿ ಇಂಥ ವಸ್ತುವಿನ ಮೇಲೆ ಸರ್ಕಾರದ ಕಣ್ಣು ಯಾರದು?

ಟೇಕಲ್ ಬಂಡೆ, 9.14

ಗ್ಯಾಸ್ ಕಟ್ಟರ್ ಅದರ ಹತ್ತಿರ ತರಬೇಡಿ. ಮೊದಲು ಅದು. ಚರ್ಚೆ ಆಮೇಲೆ.

ನಂದಿ ಬುಡ, 9.31

ಟೇಕಲ್ ಅವರು ಹೇಳಿದ್ದೇ ಮೊದಲ ಮಾತು. ನಾನು ಹನ್ನೆರಡು ವರ್ಷ ಕಾರ್ಖಾನೆ ಮೇಂಟೆನೆನ್ಸ್‌ನಲ್ಲಿ ಇದ್ದವನು. ನೀವು ಹೇಳಿದ ಲಕ್ಷಣ ನೋಡಿದ್ರೆ ಅದು ಲೆವೆಲ್ ಗೇಜ್ ಇರಬಹುದು. ಸಿಮೆಂಟು, ಕಾಗದ, ಕೆಮಿಕಲ್ ಕಾರ್ಖಾನೆಗಳಲ್ಲಿ ದೊಡ್ಡ ಹಾಪರ್ ಒಳಗೆ ಮಾಲು ಎಷ್ಟು ಎತ್ತರಕ್ಕಿದೆ ಅಂತ ಹೊರಗಿನಿಂದ ನೋಡುವ ಉಪಕರಣ. ಒಂದು ಪಕ್ಕ ವಿಕಿರಣದ ಮೂಲ, ಎದುರು ಪಕ್ಕ ಅದನ್ನ ಹಿಡಿಯುವ ಡಿಟೆಕ್ಟರ್. ಮಾಲು ಅಡ್ಡ ಬಂದ್ರೆ ಕಿರಣ ಕಮ್ಮಿ. ಮೂಲ ಅಂದ್ರೆ ಸಾಮಾನ್ಯವಾಗಿ ಸೀಸಿಯಂ-137 ಇಲ್ಲವೇ ಕೋಬಾಲ್ಟ್-60. ಒಳಗಿನ ಕ್ಯಾಪ್ಸೂಲ್ ಬೆರಳ ತುದಿಯಷ್ಟು ಇರುತ್ತೆ. ನೀವು ಎತ್ತಿದ ಭಾರವೆಲ್ಲ ಅದನ್ನ ತಡೆಯೋಕೆ ಇಟ್ಟ ಸೀಸ.

ಆ ಹಿಡಿಕೆ ಅಂದ್ರೆ ಶಟರ್. ಬೀಗ ಹಾಗೇ ಇದ್ರೆ ಶಟರ್ ಮುಚ್ಚಿದೆ ಅಂತ ಲೆಕ್ಕ, ಆದರೂ ನಂಬಬೇಡಿ. ಎಲ್ಲರನ್ನೂ ದೂರ ಕಳಿಸಿ. ಎರಡು ಪಟ್ಟು ದೂರ ಹೋದ್ರೆ ತಾಗುವುದು ನಾಲ್ಕನೇ ಒಂದು ಭಾಗ, ಮೂರು ಪಟ್ಟು ಹೋದ್ರೆ ಒಂಬತ್ತನೇ ಒಂದು. ಸುತ್ತ ಹಗ್ಗ ಕಟ್ಟಿ, 112ಕ್ಕೆ ಹೇಳಿ, ಜಿಲ್ಲಾಧಿಕಾರಿ ಕಚೇರಿಯ ವಿಪತ್ತು ವಿಭಾಗಕ್ಕೆ ಹೇಳಿ. ಇದರ ನಿಜವಾದ ಯಜಮಾನರು ಮುಂಬೈನಲ್ಲಿರುವ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ, ಎಲ್ಲರೂ ಎಇಆರ್‌ಬಿ ಅನ್ನೋದು ಅದನ್ನೇ. 1983ರಿಂದ ಇದೆ. ದಕ್ಷಿಣಕ್ಕೆ ಅವರ ಪ್ರಾದೇಶಿಕ ಕೇಂದ್ರ ಚೆನ್ನೈನಲ್ಲಿದೆ. ಮೇಲಿನ ನಂಬರ್ ಪ್ಲೇಟ್‌ನ ಫೋಟೋ ದೂರದಿಂದ ಜೂಮ್ ಮಾಡಿ ತೆಗೆದು ಕಳಿಸಿ. ಆ ನಂಬರ್ ಇದ್ರೆ ಅದರ ಜಾತಕ ಸಿಗುತ್ತೆ.

ತೂಕದಕಲ್ಲು, 9.40

ಸಾರ್ ತುಂಬಾ ಥ್ಯಾಂಕ್ಸ್. ಭಾವ ಅದನ್ನ ಛೋಟಾ ಹಾಥಿಯಲ್ಲಿ ಹಾಕ್ಕೊಂಡು ಹೋಗಿ ಆ ಮೂರನೇ ಕಚೇರಿಯ ಟೇಬಲ್ ಮೇಲೇ ಇಡ್ತೀನಿ ಅಂತ ಹೊರಟಿದ್ದರು. ಅಕ್ಕ ಗಾಡಿಯ ಬೀಗದ ಕೈ ಕಿತ್ತಿಟ್ಟುಕೊಂಡಿದ್ದಾಳೆ. 112ಕ್ಕೆ ಫೋನ್ ಮಾಡ್ತಾ ಇದ್ದೀನಿ.

ರೇಷ್ಮೆಗೂಡು, 9.43

ನಿಮ್ಮ ಅಕ್ಕನಿಗೆ ಒಂದು ನಮಸ್ಕಾರ. ಆಧಾರ್ ಜೆರಾಕ್ಸ್ ಯಾರದು ಕೇಳಿದ್ದು, ಡಬ್ಬಿಯದಾ? 😀

ಸಿರಾ ಸೀಮೆ, 9.58

ಇದೇನು ಹೊಸದಲ್ಲ ಬಿಡಿ. ನಮ್ಮೂರಲ್ಲಿ ಮುಚ್ಚಿದ ಲ್ಯಾಬಿನ ಎಕ್ಸ್‌ರೇ ಮಿಷನ್ ಎರಡು ವರ್ಷ ಗುಜರಿ ಮುಂದೆ ಬಿದ್ದಿತ್ತು. ಮಕ್ಕಳು ಹತ್ತಿ ಆಡ್ತಿದ್ದವು. ಎಷ್ಟು ವಿಕಿರಣ ಕುಡಿದವೋ ಪಾಪ.

ಚಿಂತಾಮಣಿ ಟೆಕ್ನಿಷಿಯನ್, 10.05

ಸಿರಾ ಸೀಮೆ ಅಣ್ಣ, ಕುಡಿದಿಲ್ಲ. ಎಕ್ಸ್‌ರೇ ಅಂದ್ರೆ ಟ್ಯೂಬ್‌ಲೈಟ್ ಇದ್ದ ಹಾಗೆ. ಕರೆಂಟ್ ಇದ್ರೆ ಕಿರಣ, ಸ್ವಿಚ್ ಆರಿಸಿದ್ರೆ ಏನೂ ಇಲ್ಲ. ಒಳಗೆ ವಿಕಿರಣದ ವಸ್ತುವೇ ಇರಲ್ಲ. ಗೇಜ್‌ಗೆ ಸ್ವಿಚ್ ಇಲ್ಲ, ಅದೇ ಕಷ್ಟ. ಸೀಸಿಯಂ ಅರ್ಧ ಆಗೋಕೆ 30 ವರ್ಷ ಬೇಕು, ಕೋಬಾಲ್ಟ್‌ಗೆ ಐದೂಕಾಲು ವರ್ಷ. ಯಜಮಾನ ದಿವಾಳಿ ಆದ್ರೂ ಅದು ತನ್ನ ಕೆಲಸ ಮಾಡ್ತಾನೇ ಇರುತ್ತೆ.

ಸಿರಾ ಸೀಮೆ, 10.09

ಹಂಗಾ. ಸರಿ ಬಿಡಿ, ಒಂದು ಭಾರ ಇಳೀತು. ಅದರಲ್ಲಿ ನಮ್ಮ ಹುಡುಗನೂ ಇದ್ದ.

ಅಂತರಗಂಗೆ, 10.26

ದೆಹಲಿಯ ಮಾಯಾಪುರಿ ಕಥೆ ಯಾರೂ ಹೇಳಿಲ್ಲವಲ್ಲ, ನಾನೇ ಹೇಳ್ತೀನಿ. 2010. ದೆಹಲಿ ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದಲ್ಲಿ ಒಂದು ಗಾಮಾ ಸೆಲ್ ಇತ್ತು, ಪ್ರಯೋಗಕ್ಕೆ ಗಾಮಾ ಕಿರಣ ಕೊಡುವ ಯಂತ್ರ, ಒಳಗೆ ಕೋಬಾಲ್ಟ್-60. 1985ರಿಂದ ಯಾರೂ ಅದನ್ನ ಮುಟ್ಟಿರಲಿಲ್ಲ. ಕೊಂಡವರು ರಿಟೈರ್ ಆದರು, ಅದೇನು ಅಂತ ಗೊತ್ತಿದ್ದವರು ಹೋದರು. ಹಳೇ ಸಾಮಾನು ಅಂತ ಆ ಫೆಬ್ರವರಿಯಲ್ಲಿ ಹರಾಜು ಹಾಕಿದರು. ಮಾಯಾಪುರಿ ಗುಜರಿಯಲ್ಲಿ ಸೀಸಕ್ಕೋಸ್ಕರ ಒಡೆದರು. ಒಳಗೆ ಹೊಳೆಯುವ ಕಡ್ಡಿಗಳು. ಚರ್ಮ ಕಪ್ಪಾಯಿತು, ಕೂದಲು ಉದುರಿತು, ಹಲವರು ಆಸ್ಪತ್ರೆ ಸೇರಿದರು. ಏಪ್ರಿಲ್ ಕೊನೆಗೆ ಒಬ್ಬ ಕೆಲಸಗಾರ ತೀರಿಕೊಂಡ.

ಓದಿದವರೇ ತುಂಬಿದ್ದ ಜಾಗದಿಂದ ಹೋದದ್ದು ಅದು. ಕಂಡುಹಿಡಿದದ್ದು ಯಾವ ಇನ್ಸ್‌ಪೆಕ್ಟರೂ ಅಲ್ಲ, ಗುಜರಿಯವನ ಸುಟ್ಟ ಚರ್ಮ.

ಬಂಗಾರಪೇಟೆ ಜಂಕ್ಷನ್, 10.34

ಅಂತರಗಂಗೆ ಸಾರ್, ಅದು ನಮ್ಮ ದೇಶದ ಕಥೆ ಮಾತ್ರ ಅಲ್ಲ. 1987ರಲ್ಲಿ ಬ್ರೆಜಿಲ್‌ನ ಗೊಯಾನಿಯಾದಲ್ಲೂ ಇದೇ. ಖಾಲಿ ಬಿದ್ದ ಆಸ್ಪತ್ರೆಯಿಂದ ಸೀಸಿಯಂ ಇದ್ದ ಯಂತ್ರ ಗುಜರಿಗೆ ಹೋಯ್ತು. ಕತ್ತಲಲ್ಲಿ ನೀಲಿಯಾಗಿ ಹೊಳೆಯುತ್ತೆ ಅಂತ ಮನೆಗೆ ತಂದು ನೆಂಟರಿಗೆಲ್ಲ ಹಂಚಿದರು. ನಾಲ್ಕು ಜನ ಹೋದರು, ಅವರಲ್ಲಿ ಒಂದು ಆರು ವರ್ಷದ ಮಗು. ಒಂದು ಲಕ್ಷಕ್ಕೂ ಜಾಸ್ತಿ ಜನರನ್ನ ಸ್ಟೇಡಿಯಂನಲ್ಲಿ ಸಾಲು ನಿಲ್ಲಿಸಿ ಪರೀಕ್ಷೆ ಮಾಡಿದರು.

ಲೆಕ್ಕಪತ್ರ, 11.02

ಮೂಲ ಪ್ರಶ್ನೆಗೆ ಬರೋಣ. ಕಾನೂನು ಇಲ್ಲ ಅಂತ ಅಲ್ಲ. 1962ರ ಪರಮಾಣು ಶಕ್ತಿ ಕಾಯ್ದೆ, ಅದರ ಕೆಳಗೆ ವಿಕಿರಣ ತ್ಯಾಜ್ಯ ವಿಲೇವಾರಿಗೇ ಅಂತ 1987ರ ನಿಯಮ, ಆಮೇಲೆ 2004ರ ವಿಕಿರಣ ರಕ್ಷಣಾ ನಿಯಮ. ಕಾಗದದ ಮೇಲೆ ಎಲ್ಲಾ ಚೆನ್ನಾಗಿದೆ. ಲೈಸೆನ್ಸ್ ಇಲ್ಲದೆ ಮೂಲ ಕೊಳ್ಳುವಂತಿಲ್ಲ, ಅನುಮತಿ ಇಲ್ಲದೆ ಬಿಸಾಡುವಂತಿಲ್ಲ, ಕೆಲಸ ಮುಗಿದ ಮೇಲೆ ಕೊಟ್ಟವನಿಗೇ ವಾಪಸ್ ಕೊಡಬೇಕು.

ಆದರೆ ಸರ್ಕಾರದ ಲೆಕ್ಕ ತಪಾಸಣೆ ಮಾಡುವ ಸಿಎಜಿಯ 2012ರ ವರದಿ ಓದಿ. ದೇಶದಲ್ಲಿದ್ದ 57,443 ವೈದ್ಯಕೀಯ ಎಕ್ಸ್‌ರೇ ಘಟಕಗಳಲ್ಲಿ ಮಂಡಳಿಯಲ್ಲಿ ನೋಂದಣಿ ಆಗಿದ್ದವು 5,270. ನೂರಕ್ಕೆ 91 ಲೆಕ್ಕಕ್ಕೇ ಇಲ್ಲ! ನಮಗೆ ಬೇಕಾದ ಮಾತು ಇನ್ನೊಂದು. ವಿಲೇವಾರಿಗೆ ಅಂತ ಸಾಗಿಸಲು ಒಪ್ಪಿಗೆ ಪಡೆದ ಮೂಲ ನಿಜವಾಗಿ ವಿಲೇವಾರಿ ಆಯ್ತಾ ಅಂತ ಖಾತ್ರಿ ಮಾಡಿಕೊಳ್ಳುವ ಸರಿಯಾದ ವ್ಯವಸ್ಥೆ ಇರಲಿಲ್ಲ ಅಂತ ಅದೇ ವರದಿ ಬರೆದಿದೆ. ಅಂದ್ರೆ ಮದುವೆ ಛತ್ರದ ಬಾಗಿಲಲ್ಲಿ ಬರೋರನ್ನ ಮಾತ್ರ ಎಣಿಸಿ, ಹೋಗೋರನ್ನ ಎಣಿಸದೆ ಬಿಟ್ಟ ಹಾಗೆ. ದಂಡ ಎಷ್ಟು ಗೊತ್ತಾ? ಗರಿಷ್ಠ 500 ರೂಪಾಯಿ ಅಂತ ಅದರಲ್ಲೇ ಟೀಕೆ ಇತ್ತು. ಹೆಲ್ಮೆಟ್ ಇಲ್ಲದೆ ಸಿಕ್ಕಿಬಿದ್ದಷ್ಟೇ.

ನಂದಿ ಬುಡ, 11.15

ಲೆಕ್ಕಪತ್ರ ಸಾರ್, ಅದು ಹಳೇ ಕಥೆ. ಈಗ ಈ-ಲೋರಾ ಅಂತ ಆನ್‌ಲೈನ್ ವ್ಯವಸ್ಥೆ ಇದೆ. ಖರೀದಿ, ಸಾಗಣೆ, ವಾಪಸಾತಿ ಎಲ್ಲ ಅದರಲ್ಲೇ. ನಾನೇ ಕೂತು ಅರ್ಜಿ ತುಂಬಿದ್ದೀನಿ. ಸುಮ್ನೆ ಎಲ್ಲಾ ಹಾಳು ಅನ್ನಬೇಡಿ.

ಲೆಕ್ಕಪತ್ರ, 11.19

ಅರ್ಜಿ ತುಂಬುವವರು ಇರೋ ತನಕ ಸರಿ. ಫ್ಯಾಕ್ಟರಿಗೆ ಬ್ಯಾಂಕ್ ಬೀಗ ಬಿದ್ದ ಮೇಲೆ, ನಿಮ್ಮಂಥವರು ಕೆಲಸ ಬಿಟ್ಟ ಮೇಲೆ, ಪಾಸ್‌ವರ್ಡ್ ಯಾರ ಹತ್ತಿರ?

ನಂದಿ ಬುಡ, 11.21

ಅದು ಒಪ್ಪಿದೆ. ನನ್ನ ಪಾಸ್‌ವರ್ಡ್ ನನಗೇ ನೆನಪಿಲ್ಲ.

ವಕೀಲರ ಮನೆ, 11.40

ಒಂದು ತಿದ್ದುಪಡಿ. ಮಂಡಳಿ ಪರಮಾಣು ಶಕ್ತಿ ಆಯೋಗಕ್ಕೆ ಉತ್ತರ ಕೊಡಬೇಕು, ಆಯೋಗದ ಅಧ್ಯಕ್ಷರೇ ಪರಮಾಣು ಇಲಾಖೆಯ ಕಾರ್ಯದರ್ಶಿ, ಹಾಗಾಗಿ ಅದಕ್ಕೆ ಸ್ವತಂತ್ರ ಹಲ್ಲಿಲ್ಲ ಅನ್ನೋ ದೂರು ಬಹಳ ಹಳೆಯದು. 2011ರಲ್ಲಿ ಒಂದು ಮಸೂದೆ ಬಂದು ಪಾಸಾಗದೆ ಬಿದ್ದುಹೋಯ್ತು. 2025ರ ಡಿಸೆಂಬರ್‌ನಲ್ಲಿ ಸಂಸತ್ತು ಒಪ್ಪಿದ 'ಶಾಂತಿ' ಕಾನೂನಿನಲ್ಲಿ ಮಂಡಳಿಗೆ ಶಾಸನದ ಬಲ ಕೊಟ್ಟಿದ್ದಾರೆ, 1962ರ ಕಾಯ್ದೆಯ ಜಾಗಕ್ಕೆ ಇದು. ಅದೇ ಕಾನೂನು ಖಾಸಗಿಯವರಿಗೂ ಬಾಗಿಲು ತೆಗೆದಿದೆ, ಆ ಜಗಳ ಬೇರೆ.

ಇನ್ನು ಆ ಎರಡನೇ ಕಚೇರಿಯವರು 'ನಮ್ಮದಲ್ಲ' ಅಂದದ್ದು ಕಾನೂನಿನ ಪ್ರಕಾರ ಪೂರ್ತಿ ತಪ್ಪಲ್ಲ. ಆಸ್ಪತ್ರೆ ಕಸದ 2016ರ ನಿಯಮದಲ್ಲೇ, ವಿಕಿರಣ ತ್ಯಾಜ್ಯಕ್ಕೆ ಇದು ಅನ್ವಯಿಸಲ್ಲ ಅಂತ ಬರೆದಿದೆ. ಹಳದಿ ಚೀಲ, ಕೆಂಪು ಚೀಲ ಎಲ್ಲ ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿಗೆ. ವಿಕಿರಣ ನೇರ ಕೇಂದ್ರಕ್ಕೆ. ನಮ್ಮದಲ್ಲ ಅಂದಮೇಲೆ ಯಾರದು ಅಂತ ಒಂದು ನಂಬರ್ ಕೊಡಬಹುದಿತ್ತು. ಅದಕ್ಕೆ ಯಾವ ನಿಯಮವೂ ಅಡ್ಡ ಬರಲ್ಲ.

ರಾಬರ್ಟ್‌ಸನ್‌ಪೇಟೆ ಹುಡುಗ, 12.08

ಕೋಲಾರ ಅಂತ ನೋಡಿ ಬಂದೆ. ಕೆಜಿಎಫ್‌ನವರಿಗೆ ಈ ವಿಷಯ ಹೇಳಿಕೊಡಬೇಕಾಗಿಲ್ಲ. 2012ರ ನವೆಂಬರ್ ನೆನಪಿದೆಯಾ? ತಮಿಳುನಾಡಿನ ಕೂಡಂಕುಳಂ ಅಣುಸ್ಥಾವರದ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಮುಂದೆ, ಅಣುತ್ಯಾಜ್ಯವನ್ನ ಕೋಲಾರದ ಮುಚ್ಚಿದ ಗಣಿಗೆ ಹಾಕಬಹುದು ಅನ್ನೋ ಮಾತು ಬಂತು. ಊರಿಗೆ ಊರೇ ಬೀದಿಗೆ ಇಳಿಯಿತು. ಅಂಗಡಿ ಬಂದ್. ನನಗೆ ಆಗ ಹದಿನೈದು ವರ್ಷ, ಅಪ್ಪನ ಹೆಗಲು ಹಿಡಿದು ಮೆರವಣಿಗೆಗೆ ಹೋಗಿದ್ದೆ. ಕೆಲವೇ ದಿನದಲ್ಲಿ ಅಂಥ ಯೋಚನೆ ಇಲ್ಲ ಅಂತ ಸರ್ಕಾರ ಹೇಳಿತು. ತಾತ 2001ರಲ್ಲಿ ಗಣಿ ಮುಚ್ಚೋ ತನಕ ಕೆಲಸ ಮಾಡಿದವರು. ಅವರ ಮಾತು: "ಚಿನ್ನ ತಗೊಂಡು ಹೋದರು, ಸೈನೈಡ್ ಗುಡ್ಡ ಬಿಟ್ಟು ಹೋದರು, ಈಗ ಇದನ್ನೂ ತರ್ತಾರಂತೆ."

ಅಂತರಗಂಗೆ, 12.20

ಅದು ಎಲ್ಲಿಂದಲೋ ಉದುರಿದ ಮಾತೂ ಅಲ್ಲ. 1980ರ ದಶಕದಲ್ಲಿ ಅದೇ ಗಣಿಯಲ್ಲಿ, ಸುಮಾರು 1000 ಮೀಟರ್ ಆಳದಲ್ಲಿ, ಬಾರ್ಕ್‌ನವರು, ಅಂದ್ರೆ ಬಾಬಾ ಅಣು ಸಂಶೋಧನಾ ಕೇಂದ್ರದವರು, ಬಂಡೆಯೊಳಗೆ ಹೀಟರ್ ಇಟ್ಟು, ಬಿಸಿಗೆ ಬಂಡೆ ಹೇಗೆ ನಡೆದುಕೊಳ್ಳುತ್ತೆ ಅಂತ ವರ್ಷಗಟ್ಟಲೆ ನೋಡಿದ್ದರು. ತ್ಯಾಜ್ಯ ಇಟ್ಟಿರಲಿಲ್ಲ, ಬರೀ ಹೀಟರ್. ಅದಕ್ಕೂ ಮೊದಲು 1965ರಲ್ಲಿ ಇನ್ನೂ ಆಳದಲ್ಲಿ ನ್ಯೂಟ್ರಿನೋ ಅನ್ನೋ ಅತಿ ಸೂಕ್ಷ್ಮ ಕಣ ಹಿಡಿದ ಜಾಗ ಅದು, ಜಗತ್ತಿನಲ್ಲೇ ಮೊದಲ ಸಲ ವಾತಾವರಣದ ನ್ಯೂಟ್ರಿನೋ ಸಿಕ್ಕ ಜಾಗಗಳಲ್ಲಿ ಒಂದು. ಹೆಮ್ಮೆಗೂ ಭಯಕ್ಕೂ ಒಂದೇ ಬಾವಿ ನಮ್ಮದು.

ಮಾವಿನತೋಪು (ಶ್ರೀನಿವಾಸಪುರ), 12.33

ಅಲ್ಲ ಸ್ವಾಮಿ, ಬೇರೆಯವರ ಹೊಲಸು ನಮಗೇ ಯಾಕೆ ಅನ್ನೋದೇ ನನ್ನ ಪ್ರಶ್ನೆ. ಬೆಂಗಳೂರಿನ ಕೊಳಚೆ ನೀರನ್ನ ಎರಡೇ ಹಂತ ಶುದ್ಧ ಮಾಡಿ ಕೆಸಿ ವ್ಯಾಲಿ ಯೋಜನೆ ಅಂತ ನಮ್ಮ ಕೆರೆಗೆ, ಎಚ್‌ಎನ್ ವ್ಯಾಲಿ ಅಂತ ಚಿಕ್ಕಬಳ್ಳಾಪುರಕ್ಕೆ.

ರೇಷ್ಮೆಗೂಡು, 12.37

ಆ ನೀರು ಬಂದ ಮೇಲೆ ನಮ್ಮ ಬೋರ್‌ವೆಲ್‌ನಲ್ಲಿ ನೀರು ಕಂಡಿದ್ದು. ಅದನ್ನೂ ಹೇಳಿ.

ಮಾವಿನತೋಪು, 12.39

ಕಂಡಿದ್ದು ನೀರೋ ನೊರೆಯೋ? ಮೂರನೇ ಹಂತದ ಶುದ್ಧೀಕರಣ ಎಲ್ಲಿ?

ಪಾವಗಡ ಬಿಸಿಲು, 12.51

ವಿಕಿರಣ ಬೇಕಂದ್ರೆ ಗುಜರಿಗೆ ಹೋಗಬೇಕಾ? ನಮ್ಮ ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಹಲವು ಹಳ್ಳಿಗಳ ಬೋರ್‌ವೆಲ್‌ನಲ್ಲಿ ಯುರೇನಿಯಂ ಮಿತಿ ಮೀರಿದೆ ಅಂತ ಬೆಂಗಳೂರಿನ ವಿಜ್ಞಾನಿಗಳೇ ಅಳೆದು ಹೇಳಿದ್ದಾರೆ. ಲೀಟರಿಗೆ 30 ಮೈಕ್ರೋಗ್ರಾಂ ಮಿತಿ. ಯಾರೂ ತಂದು ಸುರಿದಿದ್ದಲ್ಲ, ಗ್ರಾನೈಟ್ ಬಂಡೆಯಿಂದಲೇ ಬರೋದು. ಸಾವಿರ ಅಡಿ, ಸಾವಿರದ ಐನೂರು ಅಡಿ ಕೊರೆದ್ರೆ ಇನ್ನೇನು ಬರುತ್ತೆ. ಅದಕ್ಕೆ ಯಾರ ಕಣ್ಣು?

ನಿರ್ವಾಹಕ, 12.58

ಯುರೇನಿಯಂ ನೀರಿಗೆ ಬೇರೆ ಎಳೆ ತೆರೆಯಿರಿ, ದೊಡ್ಡ ವಿಷಯ ಅದು. ವ್ಯಾಲಿ ಜಗಳಕ್ಕೆ ಈಗಾಗಲೇ ನಾಲ್ಕು ಎಳೆ ಇವೆ, ಅಲ್ಲಿ ಹೊಡೆದಾಡಿ. ಇಲ್ಲಿ ಡಬ್ಬಿ.

ಹೊಸಕೆರೆ ಸುಮ, 1.20

ಡಬ್ಬಿಯಲ್ಲ, ಆದರೂ ಕೇಳ್ತೀನಿ. ನಮ್ಮ ಅಮ್ಮನಿಗೆ ಥೈರಾಯ್ಡ್ ಕ್ಯಾನ್ಸರ್‌ಗೆ ಬೆಂಗಳೂರಿನಲ್ಲಿ ವಿಕಿರಣ ಇರುವ ಅಯೋಡಿನ್ ಕುಡಿಸಿದರು. ಒಂಟಿ ರೂಮು, ಬೇರೆ ಬಚ್ಚಲು. ಮನೆಗೆ ಬಂದ ಮೇಲೂ ಕೆಲವು ದಿನ ಮಗೂನ ಎತ್ತಿಕೊಳ್ಳಬೇಡಿ ಅಂದರು. ನನ್ನ ಮಗಳು ಬಾಗಿಲಲ್ಲಿ ನಿಂತು "ಅಜ್ಜಿ ಟೂ ಬಿಟ್ಟಿದ್ದಾಳೆ" ಅಂತ ಅಳ್ತಿದ್ದಳು. ಆ ಬಚ್ಚಲ ನೀರೆಲ್ಲ ಎಲ್ಲಿಗೆ ಹೋಗುತ್ತೆ?

ಚಿಂತಾಮಣಿ ಟೆಕ್ನಿಷಿಯನ್, 1.48

ಸುಮಕ್ಕ, ಇದು ನನ್ನ ದಿನದ ಕೆಲಸ, ಹೇಳ್ತೀನಿ. ಅದು ನೇರ ಚರಂಡಿಗೆ ಹೋಗಲ್ಲ. ಅಂಥ ವಾರ್ಡಿಗೆ ಬೇರೆ ಟ್ಯಾಂಕ್ ಇರುತ್ತೆ, ನಾವು ಡಿಲೇ ಟ್ಯಾಂಕ್ ಅಂತೀವಿ. ಒಂದು ತುಂಬಿದ್ರೆ ಬೀಗ ಹಾಕಿ ಇನ್ನೊಂದಕ್ಕೆ ತಿರುಗಿಸ್ತೀವಿ. ಅಯೋಡಿನ್-131 ಎಂಟು ದಿನಕ್ಕೆ ಅರ್ಧ ಆಗುತ್ತೆ. ಹತ್ತು ಸಲ ಅರ್ಧ ಆಯ್ತು ಅಂದ್ರೆ, ಎಂಬತ್ತು ದಿನ, ಸಾವಿರದಲ್ಲಿ ಒಂದು ಪಾಲು ಉಳಿಯುತ್ತೆ. ಅಳೆದು, ಮಿತಿಯೊಳಗೆ ಇದ್ರೆ ಮಾತ್ರ ಬಿಡೋದು. ಸ್ಕ್ಯಾನ್‌ಗೆ ಕೊಡುವ ಟೆಕ್ನೀಷಿಯಂ ಆರು ಗಂಟೆಗೇ ಅರ್ಧ. ಅದರ ಸಿರಿಂಜು, ಹತ್ತಿ, ಗ್ಲೌಸನ್ನ ಸೀಸದ ಡಬ್ಬದಲ್ಲಿ ಕೆಲವು ದಿನ ಇಟ್ಟು, ಆಮೇಲೆ ಮಾಮೂಲಿ ಆಸ್ಪತ್ರೆ ಕಸಕ್ಕೆ. ಕಡಿಮೆ ಮಟ್ಟದ ವಿಕಿರಣ ತ್ಯಾಜ್ಯ ಅನ್ನೋದರಲ್ಲಿ ನಮ್ಮ ಆಸ್ಪತ್ರೆಗಳ ಪಾಲು ಬಹುಪಾಲು ಇಂಥದ್ದೇ. ಉಪ್ಪಿನಕಾಯಿ ಉಲ್ಟಾ, ಇಟ್ಟಷ್ಟೂ ಖಾರ ಇಳಿಯುತ್ತೆ.

ನಮ್ಮಲ್ಲಿ ವಿಕಿರಣ ಸುರಕ್ಷತಾ ಅಧಿಕಾರಿ ಅಂತ ಒಬ್ಬರು ಇರಲೇಬೇಕು, ಅವರಿಲ್ಲದೆ ಲೈಸೆನ್ಸೇ ಇಲ್ಲ. ಎದೆಗೆ ವಿಕಿರಣ ಅಳೆಯುವ ಬ್ಯಾಡ್ಜ್, ಮೂರು ತಿಂಗಳಿಗೊಮ್ಮೆ ಅದರ ಲೆಕ್ಕ. ನಿಜ ಹೇಳ್ತೀನಿ, ದೊಡ್ಡ ಕಡೆ ಶಿಸ್ತು ಇದೆ. ನಾನು ಮೊದಲು ಕೆಲಸ ಮಾಡಿದ ಒಂದು ಸಣ್ಣ ಕಡೆ, ರಿಜಿಸ್ಟರನ್ನ ತಿಂಗಳ ಕೊನೆಗೆ ಒಂದೇ ಪೆನ್ನಿನಲ್ಲಿ, ಒಂದೇ ಕೂತದ್ದಕ್ಕೆ ಬರೀತಿದ್ದರು. ಅದನ್ನ ನೋಡಿಯೇ ಬಿಟ್ಟು ಬಂದೆ.

ಹೊಸಕೆರೆ ಸುಮ, 1.55

ತುಂಬಾ ಥ್ಯಾಂಕ್ಸ್ ಅಣ್ಣ. ಇಷ್ಟು ಬಿಡಿಸಿ ಆಸ್ಪತ್ರೆಯಲ್ಲೂ ಯಾರೂ ಹೇಳಿರಲಿಲ್ಲ.

ವಕೀಲರ ಮನೆ, 2.10

ಹಾಗಾದ್ರೆ ಈ ಗುಜರಿ ಡಬ್ಬಿಯನ್ನ ಕಡಿಮೆ ಮಟ್ಟದ ತ್ಯಾಜ್ಯ ಅನ್ನೋದೇ ತಪ್ಪು ತಾನೇ? ಹತ್ತಿ, ಗ್ಲೌಸು, ಒರೆಸಿದ ಬಟ್ಟೆ ಅವೆಲ್ಲ ಒಂದು ಜಾತಿ. ಇದು ಬಳಕೆ ಮುಗಿದ, ಕ್ಯಾಪ್ಸೂಲಲ್ಲಿ ಸೀಲ್ ಮಾಡಿದ ವಿಕಿರಣ ಮೂಲ. ಗಾತ್ರ ಚಿಕ್ಕದು, ಪ್ರಮಾಣ ಭಾರೀ.

ಚಿಂತಾಮಣಿ ಟೆಕ್ನಿಷಿಯನ್, 2.14

ಸರಿ ಸಾರ್. ಎರಡನ್ನೂ ಒಂದೇ ಗೋಣಿಗೆ ಹಾಕಬಾರದು. ಹತ್ತಿ ಕಾಯ್ದರೆ ಸಾಕು. ಇದಕ್ಕೆ ಕಾಯೋಕೆ ನಮ್ಮ ಆಯಸ್ಸು ಸಾಲಲ್ಲ.

ತಿಪಟೂರು ಕೊಬ್ಬರಿ, 2.25

ಕೈಗಾದ ಕಸವನ್ನ ಕದ್ದು ಈ ಕಡೆ ತಂದು ಹೂಳ್ತಾರೆ ಅಂತ ವಾಟ್ಸಾಪ್‌ನಲ್ಲಿ ಬಂದಿತ್ತಲ್ಲ?

ನಂದಿ ಬುಡ, 2.31

ವಾಟ್ಸಾಪ್ ಬಿಡಿ. ಸ್ಥಾವರದ ಕಡಿಮೆ ಮಟ್ಟದ ಕಸಕ್ಕೆ ಸ್ಥಾವರದ ಜಾಗದಲ್ಲೇ ವ್ಯವಸ್ಥೆ ಇರುತ್ತೆ. ನೆಲದ ಮಟ್ಟಕ್ಕೆ ಹತ್ತಿರ ಕಾಂಕ್ರೀಟ್ ಗುಂಡಿ, ಟೈಲ್ ಹೋಲ್ ಅಂತ ಕೊಳವೆ, ಸುತ್ತ ನೀರಿನ ಪರೀಕ್ಷೆಗೆ ಬೋರ್. ಸುಮಾರು 300 ವರ್ಷ ಕಾಯಬೇಕು ಅನ್ನೋ ಲೆಕ್ಕದಲ್ಲಿ ಕಟ್ಟೋದು.

ತಿಪಟೂರು ಕೊಬ್ಬರಿ, 2.34

ಮುನ್ನೂರು ವರ್ಷ ಕಾಯೋ ಸರ್ಕಾರ ಯಾವುದು ಗುರು? ನಮ್ಮೂರ ಬಸ್ ಸ್ಟ್ಯಾಂಡ್ ಶೌಚಾಲಯವನ್ನ ಮೂರು ತಿಂಗಳು ಕಾಯೋಕೆ ಆಗಿಲ್ಲ.

ಆವನಿ ಜಾತ್ರೆ, 2.50

ನಮ್ಮ ಕಾಲದಲ್ಲಿ ಪೆಟ್ರೊಮ್ಯಾಕ್ಸ್ ಬತ್ತಿಯಲ್ಲೇ ಥೋರಿಯಂ ಇತ್ತು. ಸುಟ್ಟ ಬತ್ತಿಯ ಬೂದಿಯನ್ನ ಊದಿ ಹಾರಿಸ್ತಿದ್ದೆವು. ರಾತ್ರಿಯೆಲ್ಲ ನಾಟಕ ನೋಡ್ತಾ ಅದರ ಕೆಳಗೇ ಮಲಗಿದ್ದೆವು. ಎಪ್ಪತ್ತೆರಡು ನನಗೆ, ಗಟ್ಟಿಯಾಗೇ ಇದ್ದೀನಿ. ಜಾಸ್ತಿ ಹೆದರಿಸಬೇಡಿ ಹುಡುಗರನ್ನ.

ಟೇಕಲ್ ಬಂಡೆ, 2.56

ತಾತ, ಬತ್ತಿ ಬೇರೆ ಡಬ್ಬಿ ಬೇರೆ. ಬೀಡಿ ಕಿಡಿ ನೋಡಿ ಕಾಡ್ಗಿಚ್ಚು ಪರವಾಗಿಲ್ಲ ಅಂದ ಹಾಗಾಯ್ತು.

ಆವನಿ ಜಾತ್ರೆ, 3.01

ಬೀಡಿ ಬಿಟ್ಟು ಇಪ್ಪತ್ತು ವರ್ಷ ಆಯ್ತು ಕಣಪ್ಪ.

ಲೆಕ್ಕಪತ್ರ, 3.30

ನನಗೆ ಅನ್ನಿಸೋದು ಇದು. ಕಾರ್ಖಾನೆ ಮುಚ್ಚುವಾಗ ಕರೆಂಟ್ ಬಾಕಿ ಕೇಳ್ತಾರೆ, ಪಿಎಫ್ ಬಾಕಿ ಕೇಳ್ತಾರೆ, ಬ್ಯಾಂಕಿನವರು ಕುರ್ಚಿ ಎಣಿಸ್ತಾರೆ. ಹರಾಜಿನ ಪಟ್ಟಿಯಲ್ಲಿ 'ವಿಕಿರಣ ಮೂಲ ಇದೆಯೇ, ವಾಪಸ್ ಕೊಟ್ಟ ರಸೀದಿ ಎಲ್ಲಿ' ಅನ್ನೋ ಒಂದು ಸಾಲು ಸೇರಿಸೋಕೆ ಏನು ಕಷ್ಟ? ಮುಂಬೈ ಚೆನ್ನೈನಿಂದ ಪ್ರತಿ ಗುಜರಿಗೂ ಬರೋಕೆ ಆಗಲ್ಲ, ಒಪ್ಪಿದೆ. ಜಿಲ್ಲೆಗೊಂದು ಮೀಟರ್, ಅದನ್ನ ಹಿಡಿಯೋಕೆ ಬರುವ ಒಬ್ಬ ಮನುಷ್ಯ, ಇಷ್ಟು ಸಾಕು.

ತೂಕದಕಲ್ಲು, ಮರುದಿನ ಸಂಜೆ 6.15

ಬರೆಯೋಕೆ ತಡ ಆಯ್ತು, ಕ್ಷಮಿಸಿ.

112ರ ಪೊಲೀಸರು ಇಪ್ಪತ್ತು ನಿಮಿಷದಲ್ಲಿ ಬಂದರು. ಸ್ಟಿಕ್ಕರ್ ನೋಡಿ ಅವರೇ ನಮಗಿಂತ ದೂರ ನಿಂತರು. ಜಿಲ್ಲಾಡಳಿತದಿಂದ ಫೋನ್ ಹೋಗಿ, ಸಂಜೆ ಹೊತ್ತಿಗೆ ಮೀಟರ್ ಹಿಡಿದ ಒಬ್ಬ ಸುರಕ್ಷತಾ ಅಧಿಕಾರಿ ಬಂದರು. ಗೇಟ್ ಹತ್ತಿರ ಮಾಮೂಲಿ. ಹತ್ತಿರ ಹೋದ ಹಾಗೆ ಆ ಮೀಟರ್ ಟಿಕ್ ಟಿಕ್ ಜಾಸ್ತಿ ಆಯ್ತಲ್ಲ, ಆ ಸದ್ದು ನಾನು ಸಾಯೋ ತನಕ ಮರೆಯಲ್ಲ. ಮೂಲ ಒಳಗೇ ಇದೆ. ಶಟರ್ ಮುಚ್ಚಿದೆ, ಕವಚ ಒಡೆದಿಲ್ಲ. ಒಡೆಯದೆ ಬಿಟ್ಟಿದ್ದು ನಿಮ್ಮ ಪುಣ್ಯ ಅಂದರು.

ನಂದಿ ಬುಡ ಸಾರ್, ನೀವು ಹೇಳಿದ ನಂಬರ್ ಪ್ಲೇಟೇ ಕೆಲಸಕ್ಕೆ ಬಂತು. ಯಾರು ತಯಾರಿಸಿದ್ದು, ಯಾರಿಗೆ ಮಾರಿದ್ದು ಸಿಕ್ಕಿತು. ಹಳೇ ಯಜಮಾನರಿಗೆ ಫೋನ್ ಹಚ್ಚಿದ್ರೆ, "ಅದೂ ಲಾಟ್‌ನಲ್ಲಿ ಹೋಯ್ತಾ?" ಅಂತ ನಮ್ಮನ್ನೇ ಕೇಳಿದರಂತೆ. ಈಗ ಡಬ್ಬಿ ಬೀಗ ಹಾಕಿದ ಕೋಣೆಯಲ್ಲಿದೆ, ಕಾವಲಿದೆ. ಮಾರಿದ ಕಂಪನಿ ಅನುಮತಿ ತಗೊಂಡು ವಾಪಸ್ ಒಯ್ಯಬೇಕು.

ರೇಷ್ಮೆಗೂಡು, 6.22

ಅಬ್ಬಾ. ಭಾವ ಹೇಗಿದ್ದಾರೆ?

ತೂಕದಕಲ್ಲು, 6.40

ಕೆಜಿ ಲೆಕ್ಕದಲ್ಲಿ ದುಡ್ಡು ಕೊಟ್ಟು ಕೊಂಡಿದ್ದು, ಅದನ್ನ ಯಾರು ವಾಪಸ್ ಕೊಡ್ತಾರೆ ಅಂತ ಬಂದವರನ್ನೆಲ್ಲ ಕೇಳ್ತಾ ಇದ್ದಾರೆ. ಅದಕ್ಕೆ ಯಾವ ಇಲಾಖೆ ಅಂತ ವಕೀಲರ ಮನೆಯವರು ಹೇಳಿದ್ರೆ ಉಪಕಾರ.

ಚಿಂತಾಮಣಿ ಟೆಕ್ನಿಷಿಯನ್, 6.44

ಅದನ್ನ ಲಾರಿಯಿಂದ ಇಳಿಸಿದ ಹುಡುಗರು ಯಾರು? ಅವರನ್ನ ಡಾಕ್ಟರ್‌ಗೆ ತೋರಿಸಿದ್ರಾ?

ತೂಕದಕಲ್ಲು, 6.58

ಇಬ್ಬರು. ಬೆಳಗ್ಗೆ ಕರೆದುಕೊಂಡು ಹೋಗಿ ರಕ್ತ ಕೊಡಿಸಿದೆ. ಮೊದಲ ರಿಪೋರ್ಟ್ ಸರಿಯಿದೆ, ಕೆಲವು ದಿನ ಬಿಟ್ಟು ಇನ್ನೊಮ್ಮೆ ಬನ್ನಿ ಅಂದಿದ್ದಾರೆ. ಅವರಲ್ಲಿ ಚಿಕ್ಕವನು ಹೇಳ್ತಾನೆ, ಊಟ ಮಾಡುವಾಗ ಆ ಡಬ್ಬಿ ಮೇಲೇ ಕೂತಿದ್ದನಂತೆ, ಎತ್ತರ ಸರಿಯಾಗಿತ್ತು ಅಂತ. ನಾಲ್ಕು ದಿನ.